ಹುನ್ಸ್‌ರುಕ್ ಸ್ಲೇಟ್ ಕಲ್ಲಿನ ಒಳಗೆ

ಜರ್ಮನಿಯ ಹುನ್ಸ್‌ರುಕ್ ಪ್ರದೇಶದ ಸ್ಲೇಟ್ ಕಲ್ಲಿನೊಳಗಿರೋ ಪಳೆಯುಳಿಕೆಗಳ ಎಕ್ಸ್‌ರೇ ಚಿತ್ರಗಳನ್ನು ನೋಡುತ್ತಾ ಕೂತಿದ್ದೇನೆ, ಕಣ್ಣು ತೆಗೆಯೋಕೆ ಮನಸ್ಸೇ ಬರ್ತಿಲ್ಲ. ಸುಮಾರು 40 ಕೋಟಿ ವರ್ಷ ಹಿಂದೆ, ಡೆವೋನಿಯನ್ ಕಾಲದಲ್ಲಿ, ಅಲ್ಲಿ ಸಮುದ್ರವಿತ್ತು. ಡೈನೋಸಾರ್‌ಗಳು ಹುಟ್ಟೋಕೆ ಇನ್ನೂ 15 ಕೋಟಿ ವರ್ಷಕ್ಕೂ ಜಾಸ್ತಿ ಬಾಕಿ ಇತ್ತು!

ಸಾಮಾನ್ಯವಾಗಿ ಪಳೆಯುಳಿಕೆಯಾಗಿ ಉಳಿಯೋದು ಚಿಪ್ಪು, ಮೂಳೆ, ಅಷ್ಟೇ. ಮೆತ್ತಗಿನ ಭಾಗ ಕೊಳೆತು ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಕೆಸರು ಒಮ್ಮೆಲೇ ಬಂದು ಜೀವಿಗಳನ್ನು ಹೂತುಬಿಟ್ಟಿತು, ಆ ಕೆಸರಿನಲ್ಲಿ ಕಬ್ಬಿಣ ಚೆನ್ನಾಗಿತ್ತು, ಬ್ಯಾಕ್ಟೀರಿಯಾಗಳು ದೇಹವನ್ನು ಕೊಳೆಸುವಾಗ ಹೊರಬಂದ ಗಂಧಕ ಆ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು, ಅಂದರೆ ಚಿನ್ನದ ಬಣ್ಣದಲ್ಲಿ ಹೊಳೆಯುವ ಆ ಖನಿಜ. ಕೊಳೆಯುವ ಕೆಲಸವೇ ಅವುಗಳನ್ನು ಉಳಿಸಿತು ನೋಡಿ. ಟ್ರೈಲೋಬೈಟ್‌ಗಳ (ಈಗ ಅಳಿದುಹೋಗಿರುವ, ಗಟ್ಟಿ ಹೊರಕವಚದ ಸಮುದ್ರಜೀವಿಗಳು) ಸಣ್ಣ ಕಾಲುಗಳು, ಮೀಸೆಗಳು, ನಕ್ಷತ್ರಮೀನಿನ ತೋಳುಗಳು, ಎಲ್ಲಾ ಹಾಗೇ ಇವೆ.

ಪೈರೈಟ್ ಎಕ್ಸ್‌ರೇಯನ್ನು ಸುತ್ತಲಿನ ಕಲ್ಲಿಗಿಂತ ಜಾಸ್ತಿ ತಡೆಯುತ್ತದೆ. ಹಾಗಾಗಿ ಕಲ್ಲು ಒಡೆಯದೆಯೇ ಒಳಗಿರೋದು ಕಾಣುತ್ತದೆ. 1960-70ರ ದಶಕಗಳಲ್ಲಿ ಜರ್ಮನ್ ಎಕ್ಸ್‌ರೇ ತಜ್ಞ ವಿಲ್ಹೆಲ್ಮ್ ಸ್ಟುರ್ಮರ್ ಈ ಕೆಲಸವನ್ನು ಎಷ್ಟು ಪ್ರೀತಿಯಿಂದ ಮಾಡಿದರು ಅನ್ನೋದು ಆ ಚಿತ್ರಗಳಲ್ಲೇ ಗೊತ್ತಾಗುತ್ತದೆ.

ಇದೇ ಕಲ್ಲನ್ನು ಅಲ್ಲಿನವರು ನೂರಾರು ವರ್ಷ ಮನೆಯ ಚಾವಣಿಗೆ ಹೊದಿಸಿದರು. ಅಲ್ಲಿನ ಬುಂಡೆನ್‌ಬಾಖ್ ಊರಿನ ಸುತ್ತಲಿನ ಗಣಿಗಳಲ್ಲಿ ಕಲ್ಲನ್ನು ತೆಳು ಹಲಗೆಗಳಾಗಿ ಸೀಳುವಾಗಲೇ ಎಷ್ಟೋ ಪಳೆಯುಳಿಕೆಗಳು ಕೈಗೆ ಸಿಕ್ಕವು. ಸಿಗದೇ ಹೋದವು ಇನ್ನೆಷ್ಟೋ, ಅಲ್ವಾ? ಯಾವುದೋ ಹಳೇ ಚಾವಣಿಯಲ್ಲಿ ಈಗಲೂ ಒಂದು ನಕ್ಷತ್ರಮೀನು ಇರಬಹುದು ಅನ್ನೋ ಯೋಚನೆ ನನ್ನನ್ನು ಬಿಡ್ತಾನೇ ಇಲ್ಲ.