ಗೋಡೆ ಒಡೆಯುವ ಹಿಂದಿನ ದಿನ

ಧಾರವಾಡ, ರವಿವಾರ, ಮೇ 18, 2025

ಮಿರಗದ ಮಳೆಗೆ ಇನ್ನು ಮೂರೇ ವಾರ. ಅಷ್ಟರೊಳಗೆ ಅಡುಗೆಮನೆಯ ಗೋಡೆ ಬಿದ್ದು, ಒಡೆದ ಇಟ್ಟಿಗೆ-ಗಾರೆಯ ರಾಡಿಯೆಲ್ಲ ಸಾಗಿ ಹೋಗಬೇಕು. ರಸ್ತೆಬದಿಗೆ ಸುರಿದ ರಾಶಿ ಮೊದಲ ಮಳೆಗೇ ಗಟಾರಕ್ಕಿಳಿಯುತ್ತದೆ. ಗಾರೆಯ ಸಣ್ಣ ಪುಡಿ ತಳಕ್ಕೆ ಕಚ್ಚಿಕೊಂಡರೆ ಸಲಿಕೆಗೂ ಏಳುವುದಿಲ್ಲ.

ಇವತ್ತು ಸುತ್ತಿಗೆ ಮುಟ್ಟಲಿಲ್ಲ, ಬಿಚ್ಚುವುದಷ್ಟೇ. ಮೇನ್ ಬಂದ್ ಮಾಡಿ ವೈರು, ಸ್ವಿಚ್ಚು, ಆಮೇಲೆ ನಳ. ಎಲ್‌ಇಡಿ ಅಲ್ಲದ ಟ್ಯೂಬ್‌ಲೈಟ್ ಒಡೆಯದಂತೆ ರಟ್ಟಿನ ಡಬ್ಬಿಯಲ್ಲಿ ಬೇರೆ ಇಡಬೇಕು, ಒಳಗೆ ಪಾದರಸ ಇರುತ್ತದೆ. ತಾಮ್ರಕ್ಕಾಗಿ ವೈರು ಸುಡುವುದು ಬೇಡವೇ ಬೇಡ. ಮೇಲಿನ ಪಿವಿಸಿ ಸಿಪ್ಪೆಯ ಹೊಗೆ ವಿಷ. ಸಿಪ್ಪೆ ಸಮೇತ ಕೊಟ್ಟರೂ ಗುಜರಿಯವರು ಒಯ್ಯುತ್ತಾರೆ.

ಸಾಗವಾನಿ ಬಾಗಿಲ ಚೌಕಟ್ಟಿಗೆ ಅವಸರ ಸಲ್ಲದು. ಎರಡೂ ಬದಿಗೆ ಗೋಡೆಯೊಳಗೆ ಚೌಕಟ್ಟನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್ ಇರುತ್ತದೆ. ಹಾರೆ ಹಾಕಿ ಎಳೆದರೆ ಮೊಳೆ ಇದ್ದಲ್ಲೇ ಚೌಕಟ್ಟಿನ ಕಾಲು ಸೀಳುತ್ತದೆ. ಮೊದಲು ಮೂಲೆಯಿಂದ ಮೂಲೆಗೆ ಒಂದು ರೀಪು (ತೆಳು ಕಟ್ಟಿಗೆ ಪಟ್ಟಿ) ಬಡಿದು, ಹೋಲ್ಡ್‌ಫಾಸ್ಟ್ ಸುತ್ತಲಿನ ಗಾರೆಯನ್ನು ಉಳಿಯಿಂದ ಕೆತ್ತಿ, ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದರೆ ಸಂದು ಬಿಡದೆ ಇಡಿಯಾಗಿ ಬರುತ್ತದೆ. ಹಿಂಬದಿ ಗೆದ್ದಲು ತಿಂದಿದೆಯೇ ಎಂದು ಆಗಲೇ ನೋಡಬೇಕು. ತಿಂದದ್ದನ್ನು ಒಳ್ಳೆಯ ಕಟ್ಟಿಗೆಯ ಪಕ್ಕ ಇಡಬಾರದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಸೀಲಿಂಗಿನ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್). ಇಟ್ಟಿಗೆಚೂರಿನ ಜೊತೆ ಅದೂ ಬಿಳಿಯಾಗಿ ಕಲೆತು ನೆಲದ ಭರ್ತಿಗೆ ಹೋಗುತ್ತದೆ. ಅದು ಜಿಪ್ಸಮ್, ತೇವ ತಾಗಿದರೆ ಅದರ ಸಲ್ಫೇಟ್ ಸಿಮೆಂಟನ್ನು ಉಬ್ಬಿಸಿ ಕೆಡಿಸುತ್ತದೆ, ಮೇಲಿನ ಫರಸಿ ಎದ್ದು ನಿಲ್ಲುತ್ತದೆ. ಹಾಗಾಗಿ ಸೀಲಿಂಗ್ ಪೂರ್ತಿ ಇಳಿಸಿ, ಚೀಲ ಕಟ್ಟಿ, ಕಸ ಗುಡಿಸಿದ ಮೇಲೆಯೇ ಗೋಡೆ. ಕಟ್ಟಿಗೆಚೂರೂ ಭರ್ತಿಗೆ ಹೋಗಬಾರದು, ಗೆದ್ದಲಿಗೆ ಅದೇ ದಾರಿ. ಭರ್ತಿಯನ್ನು ಆರು ಇಂಚಿನ ಒಂದೊಂದೇ ಪದರಾಗಿ ಹಾಕಿ, ನೀರು ಹೊಡೆದು, ಧಮ್ಮಸು ಬಡಿದು ಗಟ್ಟಿ ಮಾಡಬೇಕು. ಒಮ್ಮೆಲೇ ಸುರಿದರೆ ವರ್ಷದೊಳಗೆ ಕುಸಿದು ಟೈಲ್ಸ್ ಟೊಳ್ಳು ಸದ್ದು ಮಾಡುತ್ತವೆ.

ಲೆಕ್ಕ: ಹತ್ತಡಿ ಉದ್ದ, ಹತ್ತಡಿ ಎತ್ತರ, ನಾಲ್ಕೂವರೆ ಇಂಚು ದಪ್ಪದ ಗೋಡೆ ಪ್ಲಾಸ್ಟರ್ ಸೇರಿ ಸುಮಾರು 46 ಘನ ಅಡಿ. ಒಡೆದಾಗ ಒಂದೂವರೆ ಪಟ್ಟು ಹಿಗ್ಗಿ 70ರ ಹತ್ತಿರ. 100 ಘನ ಅಡಿಗೆ ಒಂದು ಬ್ರಾಸ್, ಅಂದರೆ ಮುಕ್ಕಾಲು ಬ್ರಾಸಿಗೆ ತುಸು ಕಡಿಮೆ. ಟ್ರೇಲರ್ ಮಾತಾಡುವಾಗ ಈ ಹಿಗ್ಗಿದ ಅಳತೆಯನ್ನೇ ಹೇಳಬೇಕು, ಇಲ್ಲದಿದ್ದರೆ ಎರಡನೇ ಖೇಪಿಗೆ ಮತ್ತೆ ದುಡ್ಡು. ಖಾಲಿ ಸಿಮೆಂಟ್ ಚೀಲವನ್ನು ಅರ್ಧವಷ್ಟೇ ತುಂಬಬೇಕು. ಪೂರ್ತಿ ತುಂಬಿದರೆ 45 ಕಿಲೋ ದಾಟುತ್ತದೆ, ಮೆಟ್ಟಿಲ ಮೇಲೆಯೇ ಹೊಲಿಗೆ ಬಿಡುತ್ತದೆ.

ಹಿತ್ತಲಿನ ಆಸ್ಬೆಸ್ಟಾಸ್ ಶೀಟು ಬೇರೆಯೇ ಕೆಲಸ: ನೀರು ಸಿಂಪಡಿಸಿ ನೆನೆಸಿ, ಬೋಲ್ಟ್ ಬಿಚ್ಚಿ, ಒಡೆಯದೆ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಬೇಕು. ಒಣಗಿದ್ದಾಗ ಮುರಿದರೆ ನಾರು ಎದ್ದು ಎದೆಗಿಳಿಯುತ್ತದೆ.

ನಾಳೆ ಬೆಳಿಗ್ಗೆ ಗೋಡೆ, ಮೇಲಿನ ವರಸೆಯಿಂದ ಕೆಳಕ್ಕೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಳಭಾಗದಲ್ಲಿ ಇಟ್ಟಿಗೆ ಇಡಿಯಾಗಿ ಬರುತ್ತದೆ, ಅದನ್ನು ಕೊಡವಿ ಬೇರೆ ಪೇರಿಸಬೇಕು.