ಕೊಂಬೆ ಮುರಿಯದೆ ಬೆಟ್ಟದ ನೆಲ್ಲಿ ಕೊಯ್ದು ಚಟ್ಟು ಹಾಕುವ ಬಗೆ

ತುಳಸಿ ಹಬ್ಬ ಬಂತೆಂದರೆ ಪೇಟೆ ತುಂಬ ಕಾಯಿ ಸಮೇತ ನೆಲ್ಲಿ ಕೊಂಬೆ ಬಂದು ಬೀಳುತ್ತದೆ. ತುಳಸಿಕಟ್ಟೆಗೆ ಸಿಕ್ಕಿಸಲು ಗೇಣುದ್ದದ ಟೊಂಗೆ ಸಾಕು. ಅದಕ್ಕಾಗಿ ತೋಳು ದಪ್ಪದ ಕೊಂಬೆಯನ್ನೇ ಕಡಿಯುತ್ತಾರೆ. ಕಾಯಿಯೂ ಆಗಿನ್ನೂ ಪೂರ್ತಿ ಬಲಿತಿರುವುದಿಲ್ಲ. ಮರುದಿನ ಅವೆಲ್ಲ ಕಸದ ಗಾಡಿ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೇಸಿಗೆ ಹತ್ತಿರ ಬಂದಾಗ ನೆಲ್ಲಿ ಎಲೆ ಉದುರಿಸುತ್ತದೆ. ಎಲೆಯಷ್ಟೇ ಅಲ್ಲ, ಎಲೆ ಹೊತ್ತ ಗರಿಯಂಥ ಕಡ್ಡಿಯೂ ಕಳಚಿ ಬೀಳುತ್ತದೆ. ಆಮೇಲೆ ಹೊಸ ಕಡ್ಡಿ ಮೂಡಿ, ಅದರ ಬುಡದಲ್ಲಿ ಹಳದಿ-ಹಸಿರು ಗಂಡು ಹೂಗಳ ಗೊಂಚಲು, ತುಸು ಮೇಲೆ ಬೆರಳೆಣಿಕೆಯ ಹೆಣ್ಣು ಹೂ. ಕಚ್ಚಿದ ಕಾಯಿ ಬೇಸಿಗೆಯಿಡೀ ಬೆಳೆಯದೆ ಕೂತು, ಮಳೆ ಹಿಡಿದ ಮೇಲಷ್ಟೇ ಉಬ್ಬತೊಡಗುತ್ತದೆ. ಜೂನ್‌ನಲ್ಲಿ ಕಾಯಿ ಕಾಣಲಿಲ್ಲವೆಂದು ಈ ವರ್ಷ ಫಸಲಿಲ್ಲ ಎನ್ನಬೇಡಿ. ತೋಟದಲ್ಲಿ ಕಸಿ ಗಿಡ ಒಂದೇ ಇದ್ದು ಹೂ ಬಂದರೂ ಕಾಯಿ ನಿಲ್ಲದಿದ್ದರೆ ಕಾರಣ ಬೇರೆ: ಹೆಚ್ಚಿನ ತಳಿಗಳಿಗೆ ತಮ್ಮದೇ ಪರಾಗ ಒಗ್ಗುವುದಿಲ್ಲ. ಎನ್‌ಎ-7 ಜತೆಗೆ ಕೃಷ್ಣವನ್ನೋ ಕಾಂಚನವನ್ನೋ ನೆಡಬೇಕು.

ಕಾಡಿನ ಕಾಯಿ ಕೊಯ್ಯಲು ಡಿಸೆಂಬರ್, ಜನವರಿ ಒಳ್ಳೆಯದು. ಒಂದು ಕಾಯಿ ಸೀಳಿ ನೋಡಿ. ಗೊರಟಿನೊಳಗಿನ ಬೀಜ ಬಿಳಿಯಾಗಿದ್ದರೆ ಬಿಡಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ. ಸಿಪ್ಪೆಯೂ ಆಗ ಹಳದಿ ಛಾಯೆಗೆ ಬಂದು, ಆರು ಗೆರೆ ಸ್ಪಷ್ಟವಾಗಿ ಕಾಣುತ್ತವೆ. ನೆಲ್ಲಿ ಕೊಂಬೆ ಪೆಡಸು, ತೂಗಿದರೆ ಸಿಗಿದುಕೊಂಡು ಬರುತ್ತದೆ. ಆದ್ದರಿಂದ ತುದಿಕೊಂಬೆಗೆ ಹತ್ತಬೇಡಿ. ಕೆಳಗೆ ಟಾರ್ಪಾಲು ಹಾಸಿ, ದೋಟಿಯ ಕೊಕ್ಕೆಯಿಂದ ಮೆಲ್ಲಗೆ ಅಲುಗಿಸಿ. ಕಲ್ಲಿನ ಮೇಲೆ ಬಿದ್ದು ಜಜ್ಜಿದ ಕಾಯಿ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಅದನ್ನು ಬೇರೆ ತೆಗೆದು ಅಂದೇ ಬೇಯಿಸಿ. ಮರದಲ್ಲಿ ಒಂದಷ್ಟು ಕಾಯಿ ಉಳಿಯಲೇಬೇಕು. ಜಿಂಕೆ, ಕಾಡುಕುರಿ ತಿಂದು ಉಗುಳಿದ ಗೊರಟಿನಿಂದಲೇ ಮುಂದಿನ ಸಸಿ.

ಕತ್ತಿ ಬೇಕಾಗುವುದು ಬದನಿಕೆಗೆ, ಅಂದರೆ ಕೊಂಬೆಯ ಮೇಲೆ ಬೆಳೆಯುವ ಪರಾವಲಂಬಿ ಗಿಡಕ್ಕೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಬದನಿಕೆ ಹಕ್ಕಿ ಇದರ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಒರೆಸುತ್ತದೆ. ಅದು ಅಲ್ಲೇ ಬೇರು ಇಳಿಸಿ ಮರದ ರಸ ಹೀರುತ್ತದೆ. ಮೊದಲು ಆ ಕೊಂಬೆಯಲ್ಲಿ ಕಾಯಿ ಕಡಿಮೆಯಾಗುತ್ತದೆ, ವಿಪರೀತ ಹಬ್ಬಿದರೆ ಮರವೇ ಒಣಗುತ್ತದೆ. ಸೊಪ್ಪು ಮಾತ್ರ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಕಚ್ಚಿರುವ ಗಂಟಿಗಿಂತ ಗೇಣು ಕೆಳಗೆ, ಬುಡದ ಕಡೆಗೆ, ಕೊಂಬೆ ಸಮೇತ ಕತ್ತರಿಸಬೇಕು. ನೆಲ್ಲಿಗೆ ಕತ್ತಿ ಹಾಕಲು ಒಪ್ಪುವ ಕಾರಣ ಇದೊಂದೇ.

ಇನ್ನು ಚಟ್ಟು. ಗ್ರಂದಿಗೆ ಅಂಗಡಿಯಲ್ಲಿ ನೆಲ್ಲಿಚಟ್ಟು ಎಂದರೆ ಬರಿಯ ಒಣಗಿದ ಎಸಳು ಕೊಡುತ್ತಾರೆ, ತ್ರಿಫಲದಲ್ಲಿ ಅಳಲೆ, ತಾರೆಯ ಜತೆ ಸೇರುವುದು ಅದು. ಮಲೆನಾಡಿನ ಅಡುಗೆಮನೆಯ ಚಟ್ಟು ಬೇರೆ, ಅದು ಕಾಯಿ ಬೇಯಿಸಿ, ಉಪ್ಪು-ಮಸಾಲೆ ಹಾಕಿ ರುಬ್ಬಿ, ತಟ್ಟಿ ಒಣಗಿಸಿದ ಬಿಲ್ಲೆ. ಒಂದು ಕಿಲೋ ಕಾಯಿಯನ್ನು ಎರಡು ಲೋಟ ನೀರಿನಲ್ಲಿ ಮುಚ್ಚಿ ಬೇಯಿಸಿ. ಹದಿನೈದು ನಿಮಿಷಕ್ಕೆ ಎಸಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುಕ್ಕರಿನಲ್ಲಿ ಇಟ್ಟರೆ ಪಾಯಸವಾಗಿ, ಗೊರಟಿನ ಚೂರೂ ಅದರಲ್ಲಿ ಸೇರಿ ಕೆಡುತ್ತದೆ. ಗೊರಟು ತೆಗೆದು, 80 ಗ್ರಾಂ ಕಲ್ಲುಪ್ಪು, ಒಂದು ಚಮಚ ಕಾಳುಮೆಣಸು, ಎರಡೆರಡು ಚಮಚ ಜೀರಿಗೆ ಮತ್ತು ಓಮ, ಕಡಲೆಕಾಳಿನಷ್ಟು ಇಂಗು ಹಾಕಿ ಗಟ್ಟಿಯಾಗಿ ರುಬ್ಬಿ. ನೀರು ಬೇಕೇ ಬೇಕೆನಿಸಿದರೆ ಬೇಯಿಸಿದ ನೀರನ್ನೇ ಎರಡು ಚಮಚ ಸೇರಿಸಿ, ಉಳಿದದ್ದು ಸಾರಿಗಾಗುತ್ತದೆ.

ರುಬ್ಬಿದ್ದನ್ನು ಬಾಳೆಲೆ ಮೇಲೆ ಎರಡು ರೂಪಾಯಿ ನಾಣ್ಯದಗಲಕ್ಕೆ ತೆಳ್ಳಗೆ ತಟ್ಟಿ. ವಡೆಯಂತೆ ದಪ್ಪ ಮಾಡಿದರೆ ಮೇಲೆ ಒಣಗಿ ನಡುವೆ ಹಸಿ ಉಳಿದು, ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ. ಮೊದಲ ಎರಡು ದಿನದ ಬಿಸಿಲು ಮುಖ್ಯ, ಮೋಡವಿದ್ದರೆ ಆ ಕೆಲಸಕ್ಕೇ ಕೈಹಾಕಬೇಡಿ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗಿಡಿ. ಮೂರನೇ ದಿನ ಮಗುಚಿ ಹಾಕಿ. ಹಸಿರು ಕಂದಾಗಿ, ಕಂದು ಕಪ್ಪಾಗಿ, ವಾರದೊಳಗೆ ಬಿಲ್ಲೆ ಅರ್ಧಕ್ಕೆ ಕುಗ್ಗುತ್ತದೆ. ಮುರಿದರೆ ಟಕ್ಕೆಂದು ಸದ್ದಾಗಬೇಕು, ಬಾಗಿದರೆ ಇನ್ನೊಂದು ದಿನ ಬಿಸಿಲು ಬೇಕು. ಗಾಜಿನ ಭರಣಿಯಲ್ಲಿ ಹಾಕಿಡಿ. ಕಬ್ಬಿಣದ ಡಬ್ಬಿ ಬೇಡ, ನೆಲ್ಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಶಾಯಿಯಂತಾಗುತ್ತದೆ.

ಊಟಕ್ಕೆ ಕಾಲು ಗಂಟೆ ಮುಂಚೆ ಎರಡು ಬಿಲ್ಲೆ ನೀರಿಗೆ ಹಾಕಿ. ಮೆತ್ತಗಾದ ಮೇಲೆ ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕದಡಿ, ತುಪ್ಪದಲ್ಲಿ ಜೀರಿಗೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ. ಉಪ್ಪು ಚಟ್ಟಿನಲ್ಲೇ ಇದೆ, ರುಚಿ ನೋಡದೆ ಮತ್ತೆ ಹಾಕಬೇಡಿ.