ಮೋನೋದಿಂದ ಸ್ಟೀರಿಯೊಗೆ: ಮೂರನೆಯ ವಾರದ ಟಿಪ್ಪಣಿ

ಹಳೆಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಮೋನೋ (ಒಂದೇ ಚಾನೆಲಿನ) ಧ್ವನಿಮುದ್ರಣವೊಂದನ್ನು ಸ್ಟೀರಿಯೊ (ಎಡ, ಬಲ ಎರಡು ಚಾನೆಲಿನದು) ಮಾಡುವ ಕೆಲಸ ಕೊನೆಗೂ ಒಂದು ಹದಕ್ಕೆ ಬಂದಿದೆ. ಅದರಲ್ಲಿರುವುದು ಒಂದು ಕಂಠ, ಒಂದು ಪಿಟೀಲು ಮತ್ತು ಒಂದು ಡೋಲು. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಟ್ರ್ಯಾಕಿನ ನಕಲು ತೆಗೆದು ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹಾಕುವುದು ನಿಮಿಷದ ಕೆಲಸವಾದರೂ, ಎರಡೂ ಕಿವಿಗೆ ಒಂದೇ ಸದ್ದು ಏಕಕಾಲಕ್ಕೆ ತಲುಪುವುದರಿಂದ ಎಲ್ಲವೂ ಮೊದಲಿನಂತೆ ನಡುವಿನಲ್ಲೇ ಕೇಳಿಸುತ್ತದೆ. ಕಡತದ ಗಾತ್ರವಷ್ಟೇ ಇಮ್ಮಡಿಯಾಗುತ್ತದೆ.

ಮೊದಲ ವಾರ ಬಲ ಚಾನೆಲನ್ನು 15 ಮಿಲಿಸೆಕೆಂಡು ತಡವಾಗಿಸಿದೆ. ಹೆಡ್‌ಫೋನಿನಲ್ಲಿ ಸದ್ದು ಅಗಲವಾಯಿತು, ಆದರೆ ಮೊದಲು ತಲುಪಿದ ಸದ್ದಿನ ಕಡೆಯನ್ನೇ ಕಿವಿ ದಿಕ್ಕೆಂದು ನಂಬುವುದರಿಂದ (1949ರಲ್ಲಿ ಹೆಲ್ಮುಟ್ ಹಾಸ್ ವಿವರಿಸಿದ್ದು ಇದನ್ನೇ) ಕಂಠ ಎಡಕ್ಕೆ ವಾಲಿತು. ಒಂದೇ ಸ್ಪೀಕರಿನ ಫೋನಿನಲ್ಲಿ ಕೇಳಿದಾಗ ಕೊಳವೆಯೊಳಗಿಂದ ಹಾಡಿದಂತಿತ್ತು. ಎರಡು ಚಾನೆಲ್ ಕೂಡಿದಾಗ 33, 100, 167 ಹರ್ಟ್ಝ್ ಹೀಗೆ ಸಮಾನ ಅಂತರದಲ್ಲಿ ಕಂಪನಾಂಕಗಳು ಪರಸ್ಪರ ರದ್ದಾಗಿ, ಬಾಚಣಿಗೆಯ ಹಲ್ಲುಗಳ ನಡುವಿನ ಸಂದುಗಳಂತೆ ಖಾಲಿ ಉಳಿಯುತ್ತವೆ.

ಮಂದ್ರವನ್ನು ಎಡಕ್ಕೂ ತಾರವನ್ನು ಬಲಕ್ಕೂ ಹೆಚ್ಚಿಸುವ ಉಪಾಯ 1961ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಸಂಸ್ಥೆಯು ಮೋನೋ ಹಾಡುಗಳನ್ನು ಸ್ಟೀರಿಯೊದಂತೆ ಕೇಳಿಸಲು ಬಳಸಿದ ಡ್ಯುಯೋಫೋನಿಕ್ ವಿಧಾನದಲ್ಲಿಯೂ ಇತ್ತು. ಸ್ವರ ಏರಿದಂತೆಲ್ಲ ಪಿಟೀಲು ವಾದಕರು ಕುರ್ಚಿ ಸರಿಸುತ್ತಿರುವಂತೆ ಕೇಳಿದ್ದರಿಂದ ಅದನ್ನು ಒಂದೇ ಸಂಜೆಗೆ ಬಿಟ್ಟೆ.

ಫಲ ಕೊಟ್ಟದ್ದು 1950ರ ದಶಕದಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ಲಾರಿಡ್ಸೆನ್ ರೂಪಿಸಿದ ವಿಧಾನ. ಮೂಲದ ಒಂದು ಪ್ರತಿಯನ್ನು 10 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ) ಇರುವ ಕಡತದಲ್ಲಿ 441 ಸ್ಯಾಂಪಲ್, ತಡವಾಗಿಸಿ ಅದನ್ನು ಎಡ ಚಾನೆಲಿಗೆ ಕೂಡಿಸಬೇಕು, ಬಲದಿಂದ ಕಳೆಯಬೇಕು. ಆಗ 100, 200, 300 ಹರ್ಟ್ಝ್ ಎಡದಲ್ಲಿ ಉಬ್ಬಿದರೆ 50, 150, 250 ಬಲದಲ್ಲಿ ಉಬ್ಬುತ್ತವೆ. ಎರಡನ್ನೂ ಕೂಡಿಸಿದರೆ ತಡವಾದ ಪ್ರತಿ ತಾನೇ ಅಳಿದು ಮೂಲವಷ್ಟೇ ಉಳಿಯುತ್ತದೆ. ಪರೀಕ್ಷಿಸಲು ಎರಡೂ ಚಾನೆಲುಗಳ ಸರಾಸರಿಗೆ ಮೂಲ ಟ್ರ್ಯಾಕಿನ ತರಂಗವನ್ನು ತಲೆಕೆಳಗು ಮಾಡಿ ಬೆರೆಸಿದೆ: ಪೂರ್ಣ ನಿಶ್ಶಬ್ದ. ಆ ನಿಶ್ಶಬ್ದ ಕೇಳಿ ಆದಷ್ಟು ಸಂತೋಷ ಆ ವಾರ ಹಾಡು ಕೇಳಿಯೂ ಆಗಿರಲಿಲ್ಲ.

ದೋಷವೊಂದು ಉಳಿದಿತ್ತು. ಡೋಲಿನ ಪ್ರತಿ ಪೆಟ್ಟೂ ಎರಡಾಗಿ ಕೇಳುತ್ತಿತ್ತು, ಟೇಪಿನ ಹಿಸ್ಸೆಂಬ ಸದ್ದೂ ಎರಡು ಬದಿಗೆ ಹರಡಿತ್ತು. ಹಾಗಾಗಿ ಹಾಡಿನ ಭಾಗಗಳನ್ನು ಬಿಡಿಸುವ ತಂತ್ರಾಂಶವಾದ ಡೆಮ್ಯೂಕ್ಸ್‌ನಿಂದ ಕಂಠ, ಡ್ರಮ್, ಬೇಸ್, ಉಳಿದದ್ದು ಎಂದು ನಾಲ್ಕಾಗಿ ಬೇರ್ಪಡಿಸಿದೆ. ಬೇರ್ಪಟ್ಟ ಭಾಗಗಳಲ್ಲಿ ನೀರಿನೊಳಗಿನ ಗುಳುಗುಳು ಇದ್ದುದರಿಂದ ಅವುಗಳನ್ನೇ ಮತ್ತೆ ಜೋಡಿಸುವ ಧೈರ್ಯ ಬರಲಿಲ್ಲ. ಬದಲಿಗೆ ಮೂಲ ಮೋನೋವನ್ನು ಹಾಗೆಯೇ ನಡುವಿನಲ್ಲಿಟ್ಟು, ಪಿಟೀಲು ಬಂದ ನಾಲ್ಕನೆಯ ಭಾಗವನ್ನು ಮಾತ್ರ ತಡವಾಗಿಸಿ, 200 ಹರ್ಟ್ಝ್‌ಗಿಂತ ಕೆಳಗಿನದನ್ನು ಕತ್ತರಿಸಿ, 8 ಡೆಸಿಬೆಲ್ ತಗ್ಗಿಸಿ ಎಡಕ್ಕೆ ಕೂಡಿಸಿ ಬಲದಿಂದ ಕಳೆದೆ. ಈಗ ಕಂಠ ಕದಲುವುದಿಲ್ಲ, ಡೋಲಿನ ಪೆಟ್ಟು ಒಂದೇ ಆಗಿ ಕೇಳುತ್ತದೆ, ಪಿಟೀಲು ಎರಡೂ ಬದಿಗೆ ತೆಳುವಾಗಿ ಹರಡಿಕೊಂಡಿದೆ. ನಿಶ್ಶಬ್ದದ ಪರೀಕ್ಷೆಯಲ್ಲೂ ಕಡತ ಪಾಸಾಗಿದೆ. ಪಿಟೀಲಿನ ಜೊತೆ ಸೋರಿ ಬರುವ ಹಿಸ್ಸನ್ನು ಮುಂದಿನ ವಾರ ನೋಡಬೇಕು.